ನಾಲ್ಕು ಕಿಲೋಮೀಟರು ಹೆಚ್ಚು

ಲೈಸೆನ್ಸು ತಿರುವಿ ತಿರುವಿ ನೋಡಿದ ಷೋರೂಮಿನ ಹುಡುಗ.
ಹೆವಿ ವೆಹಿಕಲ್, ಮೂವತ್ತೊಂದು ವರ್ಷ,
ಬ್ಯಾಡ್ಜ್ ನಂಬರು ಸಹಿತ.
'ಬೈಕ್ ಓಡಿಸಿದೀರಾ ಸಾರ್?'
ಓಡಿಸಿದೀನಪ್ಪ, ಕಿಕ್ ಹೊಡೆದು ಹೊಡೆದು
ಮೊಣಕಾಲಿಗೆ ಮುಲಾಮು ಹಚ್ಚಿಕೊಂಡ ಕಾಲದ್ದು.
'ಇದು ಆರುನೂರೈವತ್ತು ಸಿಸಿ.
ಗಾಜನೂರು ಡ್ಯಾಮ್ ತನಕ ಹೋಗಿ, ವಾಪಸ್ ಬನ್ನಿ. ಅಷ್ಟೇ.'
ಹೆಲ್ಮೆಟ್ ಕೊಟ್ಟ. ಅದರೊಳಗೆ
ಇನ್ಯಾರದೋ ತಲೆಯ ಸೆಂಟಿನ ವಾಸನೆ.

ಹತ್ತಿ ಕೂತೆ. ಕಾಲು ನೆಲಕ್ಕೆ ಸಿಕ್ಕಿತು,
ಪೂರ್ತಿಯಲ್ಲ, ಹೆಬ್ಬೆರಳ ಮಟ್ಟಿಗೆ.
ಗುಂಡಿ ಒತ್ತಿದರೆ
ಗುಡುಗಲ್ಲ, ಹುಲಿಯಲ್ಲ, ಕಾಗದದಲ್ಲಿ ಅಚ್ಚು ಹಾಕಿದ್ದು ಯಾವುದೂ ಅಲ್ಲ,
ಎಲ್ಲೋ ದೂರದಲ್ಲಿ ಅಕ್ಕಿ ಗಿರಣಿಯ ಬೆಲ್ಟು
ತಿರುಗತೊಡಗಿದ ಹಾಗೆ.
ಕ್ಲಚ್ ಹಿಡಿದೆ, ಗೇರು ಹಾಕಿದೆ,
ಸುಮ್ಮನೆ ಕೂತೆ.
'ಏನಾಯ್ತು ಸಾರ್?'
ಏನಿಲ್ಲ.
ಯಾರಾದರೂ 'ರೈಟ್' ಅನ್ನಲಿ ಅಂತ
ಕಾಯುತ್ತಿದ್ದೆ ಎಂದು ಹೇಳಲು ನಾಚಿಕೆ.

ತುಂಗೆಯ ಪಕ್ಕದ ಈ ರಸ್ತೆ ನನಗೆ ಬಾಯಿಪಾಠ:
ಎಲ್ಲಿ ಹಂಪು, ಎಲ್ಲಿ ಡಾಂಬರಿನ ತೇಪೆ,
ಯಾವ ತಿರುವಿನಲ್ಲಿ ಹಿಂದಿನ ಸೀಟಿನ ಮಗುವಿಗೆ ವಾಂತಿ.
ಆದರೂ ಇಷ್ಟು ಕೆಳಗಿನಿಂದ ಕಂಡಿರಲಿಲ್ಲ.
ಗಾಜಿನಾಚೆ ಇದ್ದದ್ದು ಬರೀ ದಾರಿ;
ಈಗ ಅದಕ್ಕೆ ಮೈಯುಂಟು,
ಕೊಯ್ದ ಹುಲ್ಲು, ಸಗಣಿ, ಯಾರದೋ ಬಚ್ಚಲೊಲೆಯ ಹೊಗೆ,
ಒಂದೊಂದೂ ಮುಖಕ್ಕೆ ತಾಗಿ ಹಿಂದೆ ಸರಿಯುತ್ತದೆ.
ನಲವತ್ತು. ಅರವತ್ತು. ತೊಂಬತ್ತು.
ಅದೂ ಮೂರನೇ ಗೇರಿನಲ್ಲಿ!
ಮಂಡಗದ್ದೆಯ ಏರಿಗೆ ನನ್ನ ಬಸ್ಸು
ಅಜ್ಜನ ಹಾಗೆ ಕೆಮ್ಮುತ್ತಿತ್ತು.
ಕನ್ನಡಿ ನೋಡಿದೆ. ಎರಡರಲ್ಲೂ
ನನ್ನದೇ ಮೊಣಕೈ, ಅದರ ಹಿಂದೆ ಖಾಲಿ ರಸ್ತೆ.
ನೆತ್ತಿಯ ಮೇಲಿನ ಆ ಅಗಲ ಕನ್ನಡಿಯಿಲ್ಲ,
ಅದರೊಳಗೆ ತೂಕಡಿಸುವ ಐವತ್ತೆರಡು ತಲೆಗಳಿಲ್ಲ,
ಚಿಲ್ಲರೆಗೆ ಜಗಳವಿಲ್ಲ,
ಬ್ರೇಕು ಹಾಕಿದರೆ ಬೈಯುವವರಿಲ್ಲ.
ಇಷ್ಟು ಹಗುರವಾಗಿ ಓಡಿದ ನೆನಪಿಲ್ಲ,
ಇಷ್ಟು ಹೆದರಿದ್ದೂ.

ಗಾಜನೂರು ಬಂತು. ತಿರುಗಬೇಕಿತ್ತು.
ತಿರುಗಿದ್ದು ಮುಂಗೈ ಮಾತ್ರ.

ಸಕ್ರೆಬೈಲಿನಲ್ಲಿ ಆನೆಯೊಂದು ರಸ್ತೆ ದಾಟುತ್ತಿತ್ತು.
ಆಗತಾನೆ ಮಿಂದ ಮೈ, ಹೊಟ್ಟೆಯಿಂದ ತೊಟ್ಟಿಕ್ಕಿ
ಡಾಂಬರಿನ ಮೇಲೆ ಒದ್ದೆ ಗೆರೆ.
ನಿಲ್ಲಿಸಿದೆ. ಕಾಲಿಟ್ಟ ಕಡೆ ಜಲ್ಲಿ.
ಹೆಬ್ಬೆರಳು ಜಾರಿತು.
ನಿಧಾನಕ್ಕೆ, ಉಂಡ ಯಜಮಾನರು ಚಾಪೆಗೆ ಒರಗುವ ಹಾಗೆ,
ಎರಡೂಕಾಲು ಕ್ವಿಂಟಾಲು ಕಬ್ಬಿಣ
ಎಡಕ್ಕೆ ಮಲಗಿತು.
ಎತ್ತಿದೆ. ಏಳಲಿಲ್ಲ.
ಆನೆ ನಿಂತು ನೋಡಿತು.
ಇಳಿದು ಬಂದ ಮಾವುತ, ಜಲೀಲ್ ಅಂತೆ ಹೆಸರು,
ಬೀಡಿ ಕಿವಿಗೆ ಸಿಕ್ಕಿಸಿ ಒಂದು ಸುತ್ತು ಬಂದ.
'ಏಳು ಅಂದ್ರೆ ಏಳಲ್ವಾ ಇದು?'
ಇಲ್ಲ.
'ಎಷ್ಟು ರೇಟು?'
ಹೇಳಿದೆ.
'ಅಷ್ಟು ಕೊಟ್ಟೂ ನಾವೇ ಏಳಿಸ್ಬೇಕಾ!'
ನಗು ತಡೆಯಲಾಗದೆ ಇಬ್ಬರಿಗೂ ಕೈಯಲ್ಲಿ ಬಲವಿಲ್ಲ.
'ರಟ್ಟೆಯಿಂದ ಅಲ್ಲ, ಬೆನ್ನು ಕೊಡಿ, ಸೊಂಟದಿಂದ ಏಳ್ಸಿ' ಎಂದ,
ದಿನಾ ಒಂದು ದೊಡ್ಡ ಜೀವವನ್ನು ಮಲಗಿಸಿ ಏಳಿಸುವವನು.
ಎದ್ದು ನಿಂತಿತು.
ಹಿಂದಿನ ಸೀಟಿಗೆ ಎರಡು ಸಲ ತಟ್ಟಿ
ಜಲೀಲ್ ಅಂದ: 'ರೈಟ್!'

ಆಗ ನೆನಪಾದದ್ದು ಆ ಸೀಟು.
ಹೊರಡುವಾಗ ಪದ್ಮಾಕ್ಷಿ ಅಂದಿದ್ದಳು,
'ನಿಮ್ದು ಹೆಂಗಾದ್ರೂ ಇರ್ಲಿ, ಹಿಂದಿಂದು ನೋಡ್ಕೊಂಡು ಬನ್ನಿ.'
ಇಷ್ಟು ವರ್ಷದಲ್ಲಿ ಅವಳು ನನ್ನ ಬಸ್ಸು ಹತ್ತಿದ್ದು
ಮೂರೋ ನಾಲ್ಕೋ ಸಲ, ಟಿಕೆಟು ತೆಗೆದುಕೊಂಡೇ.
ಎಲ್ಲಿ ಕೂತಿರುತ್ತಿದ್ದಳೋ,
ಕನ್ನಡಿಯಲ್ಲಿ ಹುಡುಕಲಿಲ್ಲ ನಾನು.

'ಹೆಂಗಿತ್ತು ಸಾರ್? ಬುಕ್ ಮಾಡೋಣಾ?'
ಹ್ಯಾಂಡಲಿನ ಎಡತುದಿಯಲ್ಲಿ ಉಗುರಿನಷ್ಟು ಗೀರು,
ಅದರ ಮೇಲೆ ಹೆಬ್ಬೆರಳು ಒತ್ತಿ ನಿಂತಿದ್ದೆ.
ಮೀಟರು ನೋಡಿ ಅವನೇ ಲೆಕ್ಕ ಹಾಕಿದ,
'ನಾಲ್ಕು ಕಿಲೋಮೀಟರು ಹೆಚ್ಚಾಗಿದೆ.'
ಬೆರಳು ತೆಗೆದೆ.
'ನಾಳೆ ಇನ್ನೊಬ್ಬರು ಬರ್ತಾರೆ' ಅಂದೆ,
'ಅವರು ಹಿಂದೆ ಕೂತು ನೋಡ್ಬೇಕು.'
ಹುಡುಗ ಕೇಳಿಸಿಕೊಂಡನೋ ಇಲ್ಲವೋ,
ಬೆರಳಿಗೆ ಎಂಜಲು ಹಚ್ಚಿ
ಗೀರನ್ನು ಉಜ್ಜುತ್ತಿದ್ದ.